ವಿನಿಮಯ ದರದ ಅಂತರ (ವಿದೇಶಿ ಹಣ ರವಾನೆ)

ವಿನಿಮಯ ದರದ ಅಂತರ ಎಂದರೆ ಎರಡು ದೇಶಗಳ ಹಣದ ನಡುವೆ ಮಾರುಕಟ್ಟೆಯಲ್ಲಿ ಚಾಲ್ತಿಯಲ್ಲಿರುವ ಮಧ್ಯ ದರಕ್ಕೂ, ಬ್ಯಾಂಕು ಅಥವಾ ಹಣ ರವಾನೆ ಸಂಸ್ಥೆಯು ತನ್ನ ಗ್ರಾಹಕರಿಗೆ ನೀಡುವ ದರಕ್ಕೂ ಇರುವ ವ್ಯತ್ಯಾಸ. ಇದನ್ನು ಮಾರ್ಜಿನ್, ಮಾರ್ಕಪ್ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. ಅಂತರಜಾಲದ ಮೂಲಕ ವಿದೇಶಕ್ಕೆ ಹಣ ಕಳುಹಿಸುವಾಗ ತಗಲುವ ವೆಚ್ಚವು ಎರಡು ರೂಪಗಳಲ್ಲಿರುತ್ತದೆ. ಒಂದು, ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವ ಸೇವಾ ಶುಲ್ಕ. ಇನ್ನೊಂದು, ದರದೊಳಗೆ ಸೇರಿಕೊಂಡು ಕಣ್ಣಿಗೆ ಬೀಳದೆ ಉಳಿಯುವ ಈ ಅಂತರ. ದೊಡ್ಡ ಮೊತ್ತದ ರವಾನೆಗಳಲ್ಲಿ ಸಾಮಾನ್ಯವಾಗಿ ಎರಡನೆಯದೇ ಹೆಚ್ಚಿನ ಪಾಲು ಪಡೆಯುತ್ತದೆ. ಆದ್ದರಿಂದ ‘ಶುಲ್ಕವಿಲ್ಲ’ ಎಂಬ ಪ್ರಕಟಣೆಯಿಂದ ರವಾನೆಯು ಅಗ್ಗವೆಂದು ತಿಳಿಯಲಾಗದು. ಕಳುಹಿಸುವವರ ಖಾತೆಯಿಂದ ಒಟ್ಟು ಎಷ್ಟು ಹಣ ಹೋಯಿತು, ಪಡೆಯುವವರ ಖಾತೆಗೆ ಎಷ್ಟು ಹಣ ತಲಪಿತು ಎಂಬ ಎರಡು ಸಂಖ್ಯೆಗಳಿಂದ ಮಾತ್ರ ನಿಜವಾದ ವೆಚ್ಚ ತಿಳಿಯುತ್ತದೆ.

ಭಾರತದಲ್ಲಿ ಈ ವಿಷಯವು ಮುಖ್ಯವಾಗಿ ಎರಡು ವರ್ಗದ ಕುಟುಂಬಗಳಿಗೆ ಸಂಬಂಧಿಸಿದೆ. ಮಕ್ಕಳ ವಿದೇಶ ವ್ಯಾಸಂಗಕ್ಕಾಗಿ ಹಣ ಕಳುಹಿಸುವ ಕುಟುಂಬಗಳು ಮೊದಲನೆಯ ವರ್ಗ. ವಿದೇಶದಲ್ಲಿ ದುಡಿಯುವವರಿಂದ ಹಣ ಪಡೆಯುವ ಕುಟುಂಬಗಳು ಎರಡನೆಯ ವರ್ಗ. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ಸಂಖ್ಯೆ ಗಣನೀಯವಾಗಿದ್ದು, ಆ ಭಾಗದ ಅನೇಕ ಮನೆಗಳ ನಿತ್ಯದ ಖರ್ಚು ಇಂಥ ರವಾನೆಯನ್ನು ಅವಲಂಬಿಸಿದೆ.

## ದರದ ಬಗೆಗಳು

ದೊಡ್ಡ ಬ್ಯಾಂಕುಗಳು ತಮ್ಮತಮ್ಮೊಳಗೆ ವಿದೇಶಿ ಹಣವನ್ನು ಕೊಂಡು ಮಾರುವ ವ್ಯವಸ್ಥೆಗೆ ಅಂತರ ಬ್ಯಾಂಕ್ ಮಾರುಕಟ್ಟೆ ಎಂದು ಹೆಸರು. ಅಲ್ಲಿ ಯಾವುದೇ ಕ್ಷಣದಲ್ಲಿ ಕೊಳ್ಳುವ ದರವೊಂದು, ಮಾರುವ ದರವೊಂದು ಇರುತ್ತವೆ. ಇವೆರಡರ ನಡುಬಿಂದುವೇ ಮಧ್ಯ ದರ. ಹುಡುಕುತಾಣಗಳಲ್ಲಿ ‘ಒಂದು ಡಾಲರಿಗೆ ಎಷ್ಟು ರೂಪಾಯಿ’ ಎಂದು ಕೇಳಿದಾಗ ಸಾಮಾನ್ಯವಾಗಿ ಕಾಣಿಸುವುದು ಈ ದರವೇ. ಇದು ಹೋಲಿಕೆಗೆ ಬಳಸಬೇಕಾದ ಅಳತೆಗೋಲು. ಸಾಮಾನ್ಯ ಗ್ರಾಹಕರಿಗೆ ಇದೇ ದರದಲ್ಲಿ ಹಣ ಸಿಗುವುದು ವಿರಳ.

ಭಾರತದಲ್ಲಿ ರೂಪಾಯಿಯ ಉಲ್ಲೇಖ ದರವನ್ನು ಹಿಂದೆ ಭಾರತೀಯ ರಿಸರ್ವ್ ಬ್ಯಾಂಕು ಪ್ರಕಟಿಸುತ್ತಿತ್ತು. 2018ರ ಜುಲೈನಿಂದ ಈ ಕೆಲಸವನ್ನು ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ ನಿರ್ವಹಿಸುತ್ತಿದೆ. ಅಮೆರಿಕದ ಡಾಲರ್, ಯೂರೋ, ಬ್ರಿಟನ್ನಿನ ಪೌಂಡ್ ಮತ್ತು ಜಪಾನಿನ ಯೆನ್‌ಗಳಿಗೆ ಸಂಬಂಧಿಸಿದ ಉಲ್ಲೇಖ ದರವು ಮಾರುಕಟ್ಟೆಯ ಪ್ರತಿ ಕೆಲಸದ ದಿನವೂ ಹೊರಬೀಳುತ್ತದೆ.

ಬ್ಯಾಂಕುಗಳು ಗ್ರಾಹಕರಿಗಾಗಿ ಪ್ರಕಟಿಸುವ ಪಟ್ಟಿಯಲ್ಲಿನ ದರಗಳನ್ನು ಕಾರ್ಡ್ ದರ ಎನ್ನುತ್ತಾರೆ. ಅದರಲ್ಲಿ ಹಲವು ಅಂಕಣಗಳಿರುತ್ತವೆ:

* ಟಿ.ಟಿ. ಮಾರಾಟ ದರ: ಗ್ರಾಹಕರು ವಿದೇಶಕ್ಕೆ ಹಣ ಕಳುಹಿಸುವಾಗ ಅನ್ವಯಿಸುವ ದರ. ಇದು ಮಧ್ಯ ದರಕ್ಕಿಂತ ಹೆಚ್ಚಾಗಿರುತ್ತದೆ.
* ಟಿ.ಟಿ. ಖರೀದಿ ದರ: ವಿದೇಶದಿಂದ ಖಾತೆಗೆ ಬಂದ ಹಣವನ್ನು ರೂಪಾಯಿಗೆ ಬದಲಿಸುವಾಗ ಅನ್ವಯಿಸುವ ದರ. ಇದು ಮಧ್ಯ ದರಕ್ಕಿಂತ ಕಡಿಮೆಯಾಗಿರುತ್ತದೆ.
* ನೋಟುಗಳ ದರ: ವಿದೇಶಿ ನೋಟುಗಳನ್ನು ಕೊಳ್ಳುವ ಅಥವಾ ಮಾರುವ ದರ. ನೋಟುಗಳ ಸಾಗಣೆ ಮತ್ತು ದಾಸ್ತಾನಿನ ಖರ್ಚಿನಿಂದಾಗಿ ಇದರಲ್ಲಿ ಅಂತರ ಹೆಚ್ಚು.

ಖರೀದಿ, ಮಾರಾಟ ಎಂಬ ಪದಗಳನ್ನು ಇಲ್ಲಿ ಬ್ಯಾಂಕಿನ ದೃಷ್ಟಿಯಿಂದ ಬಳಸಲಾಗುತ್ತದೆ ಎಂಬುದನ್ನು ಗಮನಿಸಬೇಕು. ಗ್ರಾಹಕರು ಡಾಲರ್ ಕೊಳ್ಳುವುದೆಂದರೆ ಬ್ಯಾಂಕು ಡಾಲರ್ ಮಾರುವುದು ಎಂದರ್ಥ. ‘ಟಿ.ಟಿ.’ ಎಂಬುದು ಟೆಲಿಗ್ರಾಫಿಕ್ ಟ್ರಾನ್ಸ್‌ಫರ್ ಎಂಬುದರ ಸಂಕ್ಷೇಪ. ತಂತಿ ಸಂದೇಶದ ಕಾಲ ಮುಗಿದರೂ ಹೆಸರು ಉಳಿದುಕೊಂಡಿದೆ.

## ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿ ಸಂಪರ್ಕ ಬೆಳೆದ ಮೇಲೆ ದೂರದ ಊರಿಗೆ ಸಂದೇಶದ ಮೂಲಕ ಹಣ ಕಳುಹಿಸುವ ಕ್ರಮ ಹುಟ್ಟಿತು. ಅಮೆರಿಕದ ವೆಸ್ಟರ್ನ್ ಯೂನಿಯನ್ ಕಂಪನಿ 1871ರಲ್ಲಿ ಇಂಥ ಸೇವೆಯನ್ನು ಆರಂಭಿಸಿತು. ಬೇರೆಬೇರೆ ದೇಶಗಳ ಬ್ಯಾಂಕುಗಳು ಪರಸ್ಪರ ಸುರಕ್ಷಿತವಾಗಿ ಸಂದೇಶ ಕಳುಹಿಸಿಕೊಳ್ಳಲೆಂದು 1973ರಲ್ಲಿ ಬೆಲ್ಜಿಯಂನಲ್ಲಿ ಸ್ವಿಫ್ಟ್ ಸಂಸ್ಥೆ ಸ್ಥಾಪನೆಯಾಯಿತು.

ವಿನಿಮಯ ದರವು ಪ್ರತಿ ಕ್ಷಣ ಬದಲಾಗುವುದು ತೀರಾ ಹಳೆಯ ಸಂಗತಿಯಲ್ಲ. ಎರಡನೆಯ ಮಹಾಯುದ್ಧದ ನಂತರ ರೂಢಿಯಲ್ಲಿದ್ದ ಬ್ರೆಟನ್ ವುಡ್ಸ್ ವ್ಯವಸ್ಥೆಯಲ್ಲಿ ದರಗಳು ಬಹುತೇಕ ಸ್ಥಿರವಾಗಿದ್ದವು. 1970ರ ದಶಕದ ಮೊದಲ ವರ್ಷಗಳಲ್ಲಿ ಆ ವ್ಯವಸ್ಥೆ ಕುಸಿಯಿತು. ಭಾರತದಲ್ಲಿ ರೂಪಾಯಿಯ ದರವನ್ನು ದೀರ್ಘಕಾಲ ಸರ್ಕಾರ ಮತ್ತು ರಿಸರ್ವ್ ಬ್ಯಾಂಕುಗಳೇ ನಿಗದಿಪಡಿಸುತ್ತಿದ್ದವು. 1991ರ ಜುಲೈನಲ್ಲಿ ರೂಪಾಯಿಯ ಅಪಮೌಲ್ಯ ನಡೆದ ಬಳಿಕ, 1992ರಲ್ಲಿ ಎರಡು ದರಗಳ ತಾತ್ಕಾಲಿಕ ಪದ್ಧತಿ ಬಂದಿತು. 1993ರ ಮಾರ್ಚ್‌ನಿಂದ ಮಾರುಕಟ್ಟೆಯೇ ನಿರ್ಧರಿಸುವ ಏಕ ದರ ಜಾರಿಯಲ್ಲಿದೆ.

ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಬದಲಿಗೆ ಬಂದ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) 2000ದ ಜೂನ್ 1ರಿಂದ ಜಾರಿಗೆ ಬಂದಿತು. 2004ರ ಫೆಬ್ರವರಿಯಲ್ಲಿ ಉದಾರೀಕೃತ ರವಾನೆ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ನಾಗರಿಕರು ವಿದೇಶಕ್ಕೆ ಹಣ ಕಳುಹಿಸುವುದು ಸುಲಭವಾಯಿತು.

ಅಂತರಜಾಲದ ಸೇವೆಗಳು ಬಂದ ಮೇಲೆ ದರಗಳ ಹೋಲಿಕೆ ಸಾಧ್ಯವಾಯಿತು. 2011ರಲ್ಲಿ ಎಸ್ಟೋನಿಯಾದ ಇಬ್ಬರು, ತಾವೆತ್ ಹಿನ್ರಿಕುಸ್ ಮತ್ತು ಕ್ರಿಸ್ತೊ ಕ್ಯಾರ್ಮನ್, ಲಂಡನ್ನಿನಲ್ಲಿ ಟ್ರಾನ್ಸ್‌ಫರ್‌ವೈಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಒಬ್ಬರಿಗೆ ಯೂರೋದಲ್ಲಿ ಸಂಬಳ ಬರುತ್ತಿದ್ದು ಪೌಂಡ್ ಬೇಕಿತ್ತು. ಇನ್ನೊಬ್ಬರಿಗೆ ಪೌಂಡಿನಲ್ಲಿ ಸಂಬಳ ಬರುತ್ತಿದ್ದು ಯೂರೋ ಬೇಕಿತ್ತು. ಬ್ಯಾಂಕಿನ ದರದ ಅಂತರವನ್ನು ತಪ್ಪಿಸಲು ಅವರು ಮಧ್ಯ ದರದಲ್ಲಿ ತಮ್ಮೊಳಗೇ ಹಣ ಬದಲಿಸಿಕೊಳ್ಳುತ್ತಿದ್ದುದು ಸಂಸ್ಥೆಯ ಹುಟ್ಟಿಗೆ ಕಾರಣವಾಯಿತು. ಮಧ್ಯ ದರವನ್ನೇ ನೀಡಿ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸುವ ಕ್ರಮಕ್ಕೆ ಇದು ಹೆಚ್ಚಿನ ಪ್ರಚಾರ ನೀಡಿತು. 2021ರಿಂದ ಸಂಸ್ಥೆಯ ಹೆಸರು ವೈಸ್ ಎಂದಾಗಿದೆ.

## ಹಣ ಸಾಗುವ ದಾರಿ ಮತ್ತು ವೆಚ್ಚದ ಭಾಗಗಳು

ವಿದೇಶಕ್ಕೆ ಹಣ ಕಳುಹಿಸುವಾಗ ನೋಟುಗಳು ಗಡಿ ದಾಟುವುದಿಲ್ಲ. ಭಾರತದ ಬ್ಯಾಂಕು ವಿದೇಶದ ಬ್ಯಾಂಕಿನಲ್ಲಿ ಆ ದೇಶದ ಹಣದ ಖಾತೆಯನ್ನು ಇಟ್ಟುಕೊಂಡಿರುತ್ತದೆ. ಇದಕ್ಕೆ ನಾಸ್ಟ್ರೊ ಖಾತೆ ಎಂದು ಹೆಸರು. ಗ್ರಾಹಕರಿಂದ ರೂಪಾಯಿ ಪಡೆದ ಬ್ಯಾಂಕು, ಆ ಖಾತೆಯಿಂದ ಇಂಥವರಿಗೆ ಇಷ್ಟು ಹಣ ಕೊಡಬೇಕೆಂದು ಸ್ವಿಫ್ಟ್ ಮೂಲಕ ಸಂದೇಶ ಕಳುಹಿಸುತ್ತದೆ. ಎರಡೂ ಬ್ಯಾಂಕುಗಳ ನಡುವೆ ನೇರ ಖಾತೆ ಇಲ್ಲದಿದ್ದರೆ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕುಗಳ ಮೂಲಕ ಹಣ ಸಾಗುತ್ತದೆ. ಈ ಹಾದಿಯಲ್ಲಿ ಕೆಳಗಿನ ವೆಚ್ಚಗಳು ಸೇರಿಕೊಳ್ಳುತ್ತವೆ.

* ಸೇವಾ ಶುಲ್ಕ: ಕಳುಹಿಸುವ ಸಂಸ್ಥೆ ಪ್ರತಿ ರವಾನೆಗೆ ವಿಧಿಸುವ ಮೊತ್ತ.
* ದರದ ಅಂತರ: ಮಧ್ಯ ದರಕ್ಕೂ ನೀಡಿದ ದರಕ್ಕೂ ಇರುವ ವ್ಯತ್ಯಾಸ. ಮೊತ್ತ ಹೆಚ್ಚಿದಂತೆ ಇದೂ ಹೆಚ್ಚುತ್ತದೆ.
* ಮಧ್ಯವರ್ತಿ ಬ್ಯಾಂಕಿನ ಕಡಿತ: ದಾರಿಯಲ್ಲಿರುವ ಬ್ಯಾಂಕು ಕಳುಹಿಸಿದ ಹಣದಿಂದಲೇ ಮುರಿದುಕೊಳ್ಳುವ ಮೊತ್ತ.
* ಪಡೆಯುವ ಬ್ಯಾಂಕಿನ ಶುಲ್ಕ: ಕೆಲವು ಬ್ಯಾಂಕುಗಳು ವಿದೇಶದಿಂದ ಬಂದ ಹಣವನ್ನು ಖಾತೆಗೆ ಜಮಾ ಮಾಡಲು ವಿಧಿಸುವ ಮೊತ್ತ.
* ಸರಕು ಮತ್ತು ಸೇವಾ ತೆರಿಗೆ.

ಮಧ್ಯವರ್ತಿ ಶುಲ್ಕವನ್ನು ಯಾರು ಭರಿಸಬೇಕೆಂಬುದನ್ನು ಅರ್ಜಿಯಲ್ಲಿ ಮೂರು ಸಂಕೇತಗಳಿಂದ ಸೂಚಿಸಲಾಗುತ್ತದೆ. ‘ಅವರ್’ ಎಂದರೆ ಎಲ್ಲ ಶುಲ್ಕವೂ ಕಳುಹಿಸುವವರದು. ‘ಶೇರ್ಡ್’ ಎಂದರೆ ಇಬ್ಬರಿಗೂ ಹಂಚಿಕೆ. ‘ಬೆನಿಫಿಶಿಯರಿ’ ಎಂದರೆ ಎಲ್ಲವೂ ಪಡೆಯುವವರದು. ವಿಶ್ವವಿದ್ಯಾಲಯದ ಶುಲ್ಕ ಕಟ್ಟುವಾಗ ಈ ಆಯ್ಕೆಗೆ ವಿಶೇಷ ಮಹತ್ವವಿದೆ. ದಾರಿಯಲ್ಲಿ ಕೆಲವೇ ಡಾಲರ್ ಮುರಿದುಕೊಂಡರೂ ಶುಲ್ಕ ಪೂರ್ತಿಯಾಗಿ ಪಾವತಿಯಾಗಿಲ್ಲವೆಂದು ವಿದ್ಯಾರ್ಥಿಯ ನೋಂದಣಿ ತಡೆಹಿಡಿಯಲ್ಪಡಬಹುದು, ಇಲ್ಲವೇ ವಿಳಂಬ ಶುಲ್ಕ ಬೀಳಬಹುದು.

## ವೆಚ್ಚವನ್ನು ಲೆಕ್ಕ ಹಾಕುವ ಕ್ರಮ

ಬೇರೆಬೇರೆ ಸಂಸ್ಥೆಗಳನ್ನು ಹೋಲಿಸಲು ಸರಳವಾದ ಸೂತ್ರವೊಂದಿದೆ: ಖಾತೆಯಿಂದ ಹೋದ ಒಟ್ಟು ರೂಪಾಯಿಯನ್ನು ತಲಪಿದ ವಿದೇಶಿ ಹಣದ ಮೊತ್ತದಿಂದ ಭಾಗಿಸುವುದು. ಹೀಗೆ ದೊರೆಯುವ ಸಂಖ್ಯೆಯು ತಲಪಿದ ಒಂದು ಡಾಲರಿಗೆ (ಅಥವಾ ಒಂದು ಪೌಂಡಿಗೆ, ಯೂರೋಗೆ) ಬಿದ್ದ ನಿಜವಾದ ಬೆಲೆ. ಶುಲ್ಕ, ದರ, ಕಡಿತ ಎಲ್ಲವೂ ಈ ಒಂದೇ ಸಂಖ್ಯೆಯಲ್ಲಿ ಅಡಕವಾಗುತ್ತವೆ.

ಉದಾಹರಣೆಗೆ, ಮಧ್ಯ ದರವು ಡಾಲರಿಗೆ 85 ರೂಪಾಯಿ ಎಂದೂ, 10,000 ಡಾಲರ್ ಕಳುಹಿಸಬೇಕಾಗಿದೆ ಎಂದೂ ಇಟ್ಟುಕೊಳ್ಳಬಹುದು. ಕೆಳಗಿನ ಸಂಖ್ಯೆಗಳು ಲೆಕ್ಕದ ವಿವರಣೆಗಾಗಿ ಮಾತ್ರ ಕಲ್ಪಿಸಿಕೊಂಡವು.

| ವಿವರ | ಸಂಸ್ಥೆ ‘ಅ’ | ಸಂಸ್ಥೆ ‘ಆ’ | ಸಂಸ್ಥೆ ‘ಇ’ |
|---|---|---|---|
| ನೀಡಿದ ದರ (ರೂ.) | 87.10 | 85.60 | 86.00 |
| ಡಾಲರಿನ ಬೆಲೆ (ರೂ.) | 8,71,000 | 8,56,000 | 8,60,000 |
| ಸೇವಾ ಶುಲ್ಕ (ರೂ.) | ಇಲ್ಲ | 1,500 | 500 |
| ಖಾತೆಯಿಂದ ಹೋದ ಒಟ್ಟು (ರೂ.) | 8,71,000 | 8,57,500 | 8,60,500 |
| ದಾರಿಯಲ್ಲಿ ಕಡಿತ (ಡಾಲರ್) | ಇಲ್ಲ | ಇಲ್ಲ | 25 |
| ತಲಪಿದ ಡಾಲರ್ | 10,000 | 10,000 | 9,975 |
| ತಲಪಿದ ಒಂದು ಡಾಲರಿನ ಬೆಲೆ (ರೂ.) | 87.10 | 85.75 | 86.27 |
| ಮಧ್ಯ ದರಕ್ಕಿಂತ ಹೆಚ್ಚು (ಶೇ.) | 2.47 | 0.88 | 1.49 |

ಶುಲ್ಕವಿಲ್ಲವೆಂದು ಹೇಳಿದ ‘ಅ’ ಸಂಸ್ಥೆಯೇ ಇಲ್ಲಿ ಅತ್ಯಂತ ದುಬಾರಿ. ಅತಿ ಹೆಚ್ಚು ಶುಲ್ಕ ಕೇಳಿದ ‘ಆ’ ಸಂಸ್ಥೆ ಅತ್ಯಂತ ಅಗ್ಗ. ಇವೆರಡರ ನಡುವಿನ ವ್ಯತ್ಯಾಸ 13,500 ರೂಪಾಯಿ. ನಾಲ್ಕು ವರ್ಷದ ಪದವಿಗೆ ವರ್ಷಕ್ಕೆ ಎರಡು ಬಾರಿಯಂತೆ ಎಂಟು ಸಲ ಇದೇ ಮೊತ್ತವನ್ನು ಕಳುಹಿಸಿದರೆ ವ್ಯತ್ಯಾಸವು 1,08,000 ರೂಪಾಯಿಗೆ ಏರುತ್ತದೆ. ಆ ಹಣ ಶಿಕ್ಷಣ ಸಾಲದ್ದಾಗಿದ್ದರೆ ಅದರ ಮೇಲಿನ ಬಡ್ಡಿಯೂ ಕುಟುಂಬದ ಮೇಲೆಯೇ ಬೀಳುತ್ತದೆ.

ಹಾಗೆಂದು ಶುಲ್ಕವಿಲ್ಲದ ಸೇವೆ ಯಾವಾಗಲೂ ದುಬಾರಿಯೆಂದು ತೀರ್ಮಾನಿಸಲಾಗದು. ಶುಲ್ಕವು ಸಾಮಾನ್ಯವಾಗಿ ನಿಶ್ಚಿತ ಮೊತ್ತವಾಗಿರುತ್ತದೆ, ದರದ ಅಂತರವು ಮೊತ್ತದೊಂದಿಗೆ ಬೆಳೆಯುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಿಂದ ಊರಿಗೆ ಹಣ ಕಳುಹಿಸುವವರ ಲೆಕ್ಕದಲ್ಲಿ ಇದು ಸ್ಪಷ್ಟವಾಗುತ್ತದೆ. ಅಲ್ಲಿನ ದಿರ್ಹಮ್‌ನ ಬೆಲೆಯನ್ನು ಒಂದು ಡಾಲರಿಗೆ 3.6725 ದಿರ್ಹಮ್ ಎಂದು 1997ರಿಂದ ಸ್ಥಿರವಾಗಿಡಲಾಗಿದೆ. ಆದ್ದರಿಂದ ಡಾಲರಿನ ಮಧ್ಯ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮ್‌ನ ಮಧ್ಯ ದರ ಸಿಗುತ್ತದೆ. ಡಾಲರಿಗೆ 85 ರೂಪಾಯಿ ಇದ್ದಾಗ ಅದು ಸುಮಾರು 23.145 ರೂಪಾಯಿ.

ಒಂದು ಸಂಸ್ಥೆ 15 ದಿರ್ಹಮ್ ಶುಲ್ಕ ಪಡೆದು 22.95 ರೂಪಾಯಿ ದರ ಕೊಡುತ್ತದೆ, ಇನ್ನೊಂದು ಶುಲ್ಕವಿಲ್ಲದೆ 22.80 ರೂಪಾಯಿ ದರ ಕೊಡುತ್ತದೆ ಎಂದಿಟ್ಟುಕೊಂಡರೆ, 2,000 ದಿರ್ಹಮ್ ಕಳುಹಿಸುವವರಿಗೆ ಮೊದಲನೆಯದರಲ್ಲಿ ಸುಮಾರು 737 ರೂಪಾಯಿ, ಎರಡನೆಯದರಲ್ಲಿ 690 ರೂಪಾಯಿ ವೆಚ್ಚವಾಗುತ್ತದೆ. 10,000 ದಿರ್ಹಮ್ ಕಳುಹಿಸುವವರಿಗೆ ಕ್ರಮವಾಗಿ ಸುಮಾರು 2,297 ಮತ್ತು 3,450 ರೂಪಾಯಿ ವೆಚ್ಚವಾಗುತ್ತದೆ. ಸುಮಾರು 2,300 ದಿರ್ಹಮ್‌ಗಿಂತ ಕಡಿಮೆ ಮೊತ್ತಕ್ಕೆ ಶುಲ್ಕರಹಿತ ಸೇವೆಯೂ, ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಉತ್ತಮ ದರದ ಸೇವೆಯೂ ಇಲ್ಲಿ ಲಾಭಕರ. ತುರ್ತಿಲ್ಲದ ಸಣ್ಣ ಸಣ್ಣ ರವಾನೆಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಕಳುಹಿಸುವುದರಿಂದ ಉಳಿತಾಯವಾಗುವುದೂ ಇದೇ ಕಾರಣದಿಂದ.

## ಕಳಪೆ ದರಕ್ಕೆ ಎಡೆಯಾಗುವ ಸಂದರ್ಭಗಳು

### ವಾರಾಂತ್ಯ ಮತ್ತು ರಜಾ ದಿನಗಳು

ವಿದೇಶಿ ವಿನಿಮಯದ ಜಾಗತಿಕ ಮಾರುಕಟ್ಟೆ ಶನಿವಾರ ಮತ್ತು ಭಾನುವಾರ ಮುಚ್ಚಿರುತ್ತದೆ. ಅಂತರಜಾಲದ ಸೇವೆಗಳು ಆ ದಿನಗಳಲ್ಲೂ ತೆರೆದಿರುವುದುಂಟು. ಸೋಮವಾರ ದರ ಎತ್ತ ಹೊರಳುವುದೋ ತಿಳಿಯದ ಕಾರಣ, ಕೆಲವು ಸಂಸ್ಥೆಗಳು ತಮ್ಮ ರಕ್ಷಣೆಗಾಗಿ ವಾರಾಂತ್ಯದಲ್ಲಿ ಅಂತರವನ್ನು ಹೆಚ್ಚಿಸುತ್ತವೆ.

### ಎರಡು ಬಾರಿ ಪರಿವರ್ತನೆ

ಯೂರೋ ಖಾತೆಗೆ ಡಾಲರ್ ಕಳುಹಿಸಿದರೆ, ರೂಪಾಯಿಯಿಂದ ಡಾಲರಿಗೆ ಒಮ್ಮೆ, ಡಾಲರಿನಿಂದ ಯೂರೋಗೆ ಮತ್ತೊಮ್ಮೆ ಪರಿವರ್ತನೆ ನಡೆದು ಎರಡು ಕಡೆಯೂ ಅಂತರ ತೆರಬೇಕಾಗುತ್ತದೆ. ಹಣ ಪಡೆಯುವ ಖಾತೆ ಯಾವ ಹಣದ್ದು, ಶುಲ್ಕದ ಬೇಡಿಕೆ ಪತ್ರ ಯಾವ ಹಣದಲ್ಲಿದೆ ಎಂಬುದನ್ನು ಮೊದಲೇ ನೋಡಿಕೊಂಡರೆ ಇದನ್ನು ತಪ್ಪಿಸಬಹುದು.

### ಮೊದಲ ರವಾನೆಯ ಆಕರ್ಷಕ ದರ

ಹೊಸ ಗ್ರಾಹಕರಿಗೆ ಮೊದಲ ಬಾರಿ ಮಾತ್ರ ಉತ್ತಮ ದರ ನೀಡುವುದು ರೂಢಿಯಲ್ಲಿರುವ ವ್ಯಾಪಾರ ತಂತ್ರ. ಎರಡನೆಯ ರವಾನೆಯಿಂದ ಸಾಮಾನ್ಯ ದರ ಅನ್ವಯಿಸುತ್ತದೆ. ಆದ್ದರಿಂದ ಪ್ರತಿ ಬಾರಿಯೂ ಹೋಲಿಕೆ ಅಗತ್ಯ.

### ಸೂಚಕ ದರ ಮತ್ತು ಖಚಿತ ದರ

ಪರದೆಯ ಮೇಲೆ ಕಾಣುವ ದರವು ಕೆಲವೊಮ್ಮೆ ಸೂಚಕ ಮಾತ್ರ. ಹಣವು ಸಂಸ್ಥೆಯ ಕೈಸೇರಿದ ಸಮಯದ ದರವೇ ಅಂತಿಮವಾಗಬಹುದು. ಕೆಲವು ಸಂಸ್ಥೆಗಳು ನಿರ್ದಿಷ್ಟ ಗಂಟೆಗಳವರೆಗೆ ದರವನ್ನು ಕಾಯ್ದಿರಿಸುತ್ತವೆ. ಆ ಅವಧಿಯೊಳಗೆ ಹಣ ಜಮಾ ಆಗದಿದ್ದರೆ ಕಾಯ್ದಿರಿಸಿದ ದರ ರದ್ದಾಗುತ್ತದೆ.

### ಕಾರ್ಡಿನ ಮೂಲಕ ಪಾವತಿ

ಭಾರತದ ಅನೇಕ ಕ್ರೆಡಿಟ್ ಕಾರ್ಡುಗಳು ವಿದೇಶಿ ಹಣದ ವ್ಯವಹಾರಕ್ಕೆ ಸಾಮಾನ್ಯವಾಗಿ ಶೇ. 2ರಿಂದ 3.5ರವರೆಗೆ ಹೆಚ್ಚುವರಿ ಮೊತ್ತವನ್ನೂ ಅದರ ಮೇಲೆ ತೆರಿಗೆಯನ್ನೂ ವಿಧಿಸುತ್ತವೆ. ವಿದೇಶದ ಅಂಗಡಿ, ಜಾಲತಾಣ ಅಥವಾ ಎ.ಟಿ.ಎಂ.ಗಳಲ್ಲಿ ‘ರೂಪಾಯಿಯಲ್ಲೇ ಪಾವತಿಸುವಿರಾ’ ಎಂಬ ಆಯ್ಕೆ ಕಾಣಿಸುವುದುಂಟು. ಇದನ್ನು ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ. ಇದರಲ್ಲಿ ಪರಿವರ್ತನೆಯ ದರವನ್ನು ವ್ಯಾಪಾರಿಯ ಕಡೆಯವರೇ ನಿಗದಿಪಡಿಸುವುದರಿಂದ ಅಂತರವು ಸಾಮಾನ್ಯವಾಗಿ ಹೆಚ್ಚು. ಸ್ಥಳೀಯ ಹಣದಲ್ಲೇ ಪಾವತಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ಅಗ್ಗ.

## ಭಾರತದಿಂದ ಹಣ ಕಳುಹಿಸುವ ನಿಯಮಗಳು

ಉದಾರೀಕೃತ ರವಾನೆ ಯೋಜನೆಯಂತೆ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಅನುಮತಿಸಲಾದ ಉದ್ದೇಶಗಳಿಗೆ ಕಳುಹಿಸಬಹುದು. 2004ರಲ್ಲಿ ಯೋಜನೆ ಆರಂಭವಾದಾಗ ಈ ಮಿತಿ 25,000 ಡಾಲರ್ ಆಗಿತ್ತು. ವಿದ್ಯಾಭ್ಯಾಸ ಮತ್ತು ವೈದ್ಯಕೀಯ ಚಿಕಿತ್ಸೆಗೆ, ಆಯಾ ವಿದೇಶಿ ಸಂಸ್ಥೆ ನೀಡಿದ ಅಂದಾಜಿನ ಆಧಾರದ ಮೇಲೆ, ಮಿತಿಗಿಂತ ಹೆಚ್ಚು ಕಳುಹಿಸಲು ಅವಕಾಶವಿದೆ. ಲಾಟರಿ ಮುಂತಾದ ಉದ್ದೇಶಗಳಿಗೆ ಕಳುಹಿಸುವುದು ನಿಷಿದ್ಧ. ಕಳುಹಿಸುವವರಿಗೆ ಪ್ಯಾನ್ ಸಂಖ್ಯೆ ಕಡ್ಡಾಯ. ಎ2 ಎಂಬ ನಮೂನೆಯಲ್ಲಿ ಉದ್ದೇಶದ ಸಂಕೇತವನ್ನು ನಮೂದಿಸಬೇಕು. ವಿದ್ಯಾಭ್ಯಾಸಕ್ಕೆ ಎಸ್0305, ಕುಟುಂಬ ನಿರ್ವಹಣೆಗೆ ಎಸ್1301. ತಪ್ಪು ಸಂಕೇತದಿಂದ ರವಾನೆ ತಡವಾಗಬಹುದು, ತೆರಿಗೆಯೂ ಬದಲಾಗಬಹುದು.

ರವಾನೆಯ ಸಮಯದಲ್ಲಿ ಎರಡು ತೆರಿಗೆಗಳು ಎದುರಾಗುತ್ತವೆ. ಇವು ದರದ ಅಂತರದ ಭಾಗವಲ್ಲ. ಯಾವ ಸಂಸ್ಥೆಯ ಮೂಲಕ ಕಳುಹಿಸಿದರೂ ಇವು ತಪ್ಪುವುದಿಲ್ಲ.

ಮೊದಲನೆಯದು ಹಣ ಪರಿವರ್ತನೆಯ ಮೇಲಿನ ಸರಕು ಮತ್ತು ಸೇವಾ ತೆರಿಗೆ. ಇದನ್ನು ಇಡೀ ಮೊತ್ತಕ್ಕೆ ವಿಧಿಸದೆ, ನಿಯಮವು ನಿಗದಿಪಡಿಸಿದ ಸೇವಾ ಮೌಲ್ಯದ ಮೇಲೆ ಶೇ. 18ರಂತೆ ವಿಧಿಸಲಾಗುತ್ತದೆ. 1 ಲಕ್ಷ ರೂಪಾಯಿವರೆಗೆ ಮೊತ್ತದ ಶೇ. 1 (ಕನಿಷ್ಠ 250 ರೂಪಾಯಿ) ಸೇವಾ ಮೌಲ್ಯ. 1 ಲಕ್ಷದಿಂದ 10 ಲಕ್ಷದವರೆಗೆ 1,000 ರೂಪಾಯಿ ಮತ್ತು 1 ಲಕ್ಷ ಮೀರಿದ ಭಾಗದ ಶೇ. 0.5. ಅದಕ್ಕೂ ಮೀರಿದರೆ 5,500 ರೂಪಾಯಿ ಮತ್ತು 10 ಲಕ್ಷ ಮೀರಿದ ಭಾಗದ ಶೇ. 0.1, ಗರಿಷ್ಠ 60,000 ರೂಪಾಯಿ. ಮೇಲಿನ ಕೋಷ್ಟಕದಲ್ಲಿನ 8,56,000 ರೂಪಾಯಿಗೆ ಸೇವಾ ಮೌಲ್ಯ 4,780 ರೂಪಾಯಿ, ತೆರಿಗೆ ಸುಮಾರು 860 ರೂಪಾಯಿ. ಇತರ ಎರಡು ಮೊತ್ತಗಳಿಗೂ ಇದು ಹೆಚ್ಚುಕಡಿಮೆ ಅಷ್ಟೇ ಆಗುವುದರಿಂದ ಹೋಲಿಕೆಯ ಫಲಿತಾಂಶ ಬದಲಾಗುವುದಿಲ್ಲ.

ಎರಡನೆಯದು ಮೂಲದಲ್ಲೇ ಸಂಗ್ರಹಿಸುವ ಆದಾಯ ತೆರಿಗೆ (ಟಿಸಿಎಸ್). ಈ ಯೋಜನೆಯ ರವಾನೆಗಳಿಗೆ ಇದು 2020ರ ಅಕ್ಟೋಬರ್ 1ರಿಂದ ಅನ್ವಯವಾಯಿತು. ಮೊದಲು 7 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಇದ್ದುದನ್ನು, 2025ರ ಏಪ್ರಿಲ್ 1ರಿಂದ ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಸೀಮಿತಗೊಳಿಸಲಾಯಿತು. ಮಾನ್ಯತೆ ಪಡೆದ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸುವ ಹಣಕ್ಕೆ ಅದೇ ದಿನದಿಂದ ವಿನಾಯಿತಿ ದೊರೆಯಿತು. ವಿದ್ಯಾಭ್ಯಾಸ ಮತ್ತು ಚಿಕಿತ್ಸೆಗೆ ತೆರಿಗೆಯ ದರ ಕಡಿಮೆ, ಇತರ ಹೆಚ್ಚಿನ ಉದ್ದೇಶಗಳಿಗೆ ಅಧಿಕ. ಈ ದರಗಳು ಕೇಂದ್ರ ಆಯವ್ಯಯದಲ್ಲಿ ಬದಲಾಗುತ್ತಿರುತ್ತವೆ. ಹೀಗೆ ಸಂಗ್ರಹವಾದ ಹಣವನ್ನು ವರ್ಷಾಂತ್ಯದಲ್ಲಿ ಆದಾಯ ತೆರಿಗೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು. ದರದ ಅಂತರದಲ್ಲಿ ಹೋದ ಹಣ ಮಾತ್ರ ಮರಳುವುದಿಲ್ಲ.

ಚಿಲ್ಲರೆ ಗ್ರಾಹಕರಿಗೂ ಮಾರುಕಟ್ಟೆಯ ದರ ಸಿಗಬೇಕೆಂಬ ಉದ್ದೇಶದಿಂದ 2019ರ ಆಗಸ್ಟ್‌ನಲ್ಲಿ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆಯನ್ನು ಆರಂಭಿಸಲಾಯಿತು. ಕ್ಲಿಯರಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ ಇದನ್ನು ನಡೆಸುತ್ತದೆ. ತಮ್ಮ ಬ್ಯಾಂಕಿನ ಮೂಲಕ ನೋಂದಾಯಿಸಿಕೊಂಡ ಗ್ರಾಹಕರು ಇಲ್ಲಿ ಮಾರುಕಟ್ಟೆಯ ದರವನ್ನು ನೇರವಾಗಿ ನೋಡಿ ಡಾಲರ್ ಕೊಳ್ಳಬಹುದು, ಮಾರಬಹುದು. ಬ್ಯಾಂಕು ತನ್ನ ಶುಲ್ಕವನ್ನು ಇದಕ್ಕೆ ಪ್ರತ್ಯೇಕವಾಗಿ ಸೇರಿಸಬಹುದು.

## ಭಾರತಕ್ಕೆ ಬರುವ ಹಣ

ವಿದೇಶದಿಂದ ಹಣ ಬರುವಾಗ ಪರಿವರ್ತನೆ ಯಾವ ದೇಶದಲ್ಲಿ ನಡೆಯುತ್ತದೆ ಎಂಬುದು ಮುಖ್ಯ ಪ್ರಶ್ನೆ. ಅಮೆರಿಕದ ಬ್ಯಾಂಕಿನಿಂದ ಡಾಲರನ್ನೇ ಕಳುಹಿಸಿದರೆ ಭಾರತದ ಬ್ಯಾಂಕು ತನ್ನ ಟಿ.ಟಿ. ಖರೀದಿ ದರದಲ್ಲಿ ಅದನ್ನು ರೂಪಾಯಿಗೆ ಬದಲಿಸುತ್ತದೆ. ಹಣ ರವಾನೆ ಸಂಸ್ಥೆಯ ಮೂಲಕ ಬಂದರೆ ಆ ಸಂಸ್ಥೆಯೇ ಬದಲಿಸಿ ರೂಪಾಯಿಯನ್ನು ತಲಪಿಸುತ್ತದೆ. ಎರಡರಲ್ಲಿ ಯಾವುದರಿಂದ ಹೆಚ್ಚು ರೂಪಾಯಿ ಬರುವುದೆಂದು ನೋಡಿ ಆರಿಸಿಕೊಳ್ಳಬಹುದು.

ಕೊಲ್ಲಿ ರಾಷ್ಟ್ರಗಳ ವಿನಿಮಯ ಕೇಂದ್ರಗಳು ಭಾರತದ ಬ್ಯಾಂಕುಗಳಲ್ಲಿ ರೂಪಾಯಿ ಖಾತೆ ಇಟ್ಟುಕೊಂಡು ಅದರಿಂದ ಹಣ ಪಾವತಿಸುವ ಪದ್ಧತಿಗೆ ರುಪೀ ಡ್ರಾಯಿಂಗ್ ವ್ಯವಸ್ಥೆ ಎಂದು ಹೆಸರು. ಹಣ ವರ್ಗಾವಣೆ ಸೇವಾ ಯೋಜನೆ (ಎಂಟಿಎಸ್‌ಎಸ್) ಎಂಬುದು ಇನ್ನೊಂದು ಮಾರ್ಗ. ಇದರಲ್ಲಿ ಒಂದು ರವಾನೆಗೆ 2,500 ಡಾಲರ್, ಒಬ್ಬ ವ್ಯಕ್ತಿಗೆ ವರ್ಷಕ್ಕೆ 30 ರವಾನೆ ಎಂಬ ಮಿತಿಗಳಿವೆ. ಸಿಂಗಪುರದೊಂದಿಗೆ ಭಾರತದ ಯುಪಿಐ ಮತ್ತು ಅಲ್ಲಿನ ಪೇನೌ ವ್ಯವಸ್ಥೆಗಳನ್ನು 2023ರ ಫೆಬ್ರವರಿ 21ರಂದು ಜೋಡಿಸಲಾಯಿತು. ಇದರಿಂದ ಎರಡು ದೇಶಗಳ ನಡುವೆ ಸಣ್ಣ ಮೊತ್ತವನ್ನು ಮೊಬೈಲ್ ಮೂಲಕವೇ ಕಳುಹಿಸಲು ಸಾಧ್ಯವಾಗಿದೆ.

## ಮುನ್ನೆಚ್ಚರಿಕೆಗಳು

ಕಳಪೆ ದರದಿಂದ ಪಾರಾಗಲು ಗ್ರಾಹಕರು ಅನುಸರಿಸಬಹುದಾದ ಕ್ರಮಗಳು ಹೀಗಿವೆ:

1. ರವಾನೆಗೆ ಮೊದಲು ಮಧ್ಯ ದರವನ್ನು ನೋಡಿ ಬರೆದುಕೊಳ್ಳುವುದು.
2. ಕನಿಷ್ಠ ಮೂರು ಸಂಸ್ಥೆಗಳಲ್ಲಿ ಒಂದೇ ದಿನ, ಹೆಚ್ಚುಕಡಿಮೆ ಒಂದೇ ಸಮಯದಲ್ಲಿ, ಒಂದೇ ಮೊತ್ತಕ್ಕೆ ದರ ವಿಚಾರಿಸುವುದು. ಬೆಳಗಿನ ದರವನ್ನು ಸಂಜೆಯ ದರದೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.
3. ಶುಲ್ಕ, ಮಧ್ಯವರ್ತಿ ಕಡಿತ ಮತ್ತು ತೆರಿಗೆಗಳನ್ನು ಸೇರಿಸಿದ ಒಟ್ಟು ಮೊತ್ತವನ್ನು ಲಿಖಿತವಾಗಿ ಕೇಳುವುದು.
4. ತಲಪುವ ಒಂದು ಡಾಲರಿನ ಬೆಲೆಯನ್ನು ಲೆಕ್ಕ ಹಾಕಿ ಹೋಲಿಸುವುದು.
5. ದೊಡ್ಡ ಮೊತ್ತವಾದರೆ ಬ್ಯಾಂಕಿನ ಶಾಖೆಯಲ್ಲಿ ಕಾರ್ಡ್ ದರಕ್ಕಿಂತ ಉತ್ತಮ ದರ ಕೇಳುವುದು. ಚೌಕಾಸಿಗೆ ಅವಕಾಶವಿದ್ದರೂ ಕೇಳದವರಿಗೆ ಅದು ಸಿಗುವುದು ಕಡಿಮೆ.
6. ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಕನಿಷ್ಠ ಒಂದು ವಾರ ಮೊದಲೇ ವ್ಯವಹಾರ ಆರಂಭಿಸುವುದು. ಅವಸರದಲ್ಲಿರುವವರಿಗೆ ಹೋಲಿಕೆಗೆ ಸಮಯವಿರುವುದಿಲ್ಲ.
7. ರಸೀದಿ, ದರದ ವಿವರ ಮತ್ತು ಸ್ವಿಫ್ಟ್ ಸಂದೇಶದ ಪ್ರತಿಯನ್ನು ಕಾಯ್ದಿಟ್ಟುಕೊಳ್ಳುವುದು.

ದರ ಇಳಿಯಲೆಂದು ಕಾಯುವುದು ಬೇರೆ, ಅಂತರ ಕಡಿಮೆಯಿರುವ ಸಂಸ್ಥೆಯನ್ನು ಆರಿಸುವುದು ಬೇರೆ. ನಾಳೆಯ ದರವನ್ನು ಯಾರೂ ಖಚಿತವಾಗಿ ಹೇಳಲಾರರು. ಕಾಯುವವರಿಗೆ ಲಾಭವೂ ಆಗಬಹುದು, ನಷ್ಟವೂ ಆಗಬಹುದು. ಸಂಸ್ಥೆಗಳ ನಡುವಿನ ಅಂತರವಾದರೋ ಇಂದೇ ಕಣ್ಣೆದುರಿಗಿದ್ದು, ಹೋಲಿಸಿದವರಿಗೆ ತಿಳಿಯುತ್ತದೆ. ವರ್ಷವಿಡೀ ಹಣ ಕಳುಹಿಸಬೇಕಾದವರು ಮೊತ್ತವನ್ನು ಕೆಲವು ಕಂತುಗಳಾಗಿ ಹಂಚಿದರೆ ದರದ ಏರಿಳಿತದ ಪರಿಣಾಮ ಸರಾಸರಿಗೆ ಬರುತ್ತದೆ. ಆದರೆ ಪ್ರತಿ ಕಂತಿಗೂ ಶುಲ್ಕ ಬೀಳುವುದನ್ನು ಇದರೊಂದಿಗೆ ತೂಗಿ ನೋಡಬೇಕು.

## ಕಾನೂನುಬಾಹಿರ ಮಾರ್ಗಗಳು

ಹವಾಲಾ ಎಂಬ ಅನಧಿಕೃತ ಮಾರ್ಗದಲ್ಲಿ ಕೆಲವೊಮ್ಮೆ ಬ್ಯಾಂಕಿಗಿಂತ ಉತ್ತಮ ದರದ ಆಮಿಷ ಇರುತ್ತದೆ. ಇದು ಫೆಮಾ ಕಾಯ್ದೆಯ ಉಲ್ಲಂಘನೆ. ಸಂದರ್ಭಾನುಸಾರ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯೂ ಅನ್ವಯಿಸಬಹುದು. ಹಣ ತಲಪದಿದ್ದರೆ ಕೇಳಲು ರಸೀದಿಯಾಗಲಿ ದಾಖಲೆಯಾಗಲಿ ಇರುವುದಿಲ್ಲ.

ವಿದೇಶಿ ವಿನಿಮಯದ ವ್ಯವಹಾರ ನಡೆಸಲು ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕು. ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿ ಅದರ ಜಾಲತಾಣದಲ್ಲಿದೆ. ಅನುಮತಿಯಿಲ್ಲದೆ ವಿದೇಶಿ ವಿನಿಮಯ ವಹಿವಾಟು ನಡೆಸುವ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನೂ ಅದು 2022ರಿಂದ ಪ್ರಕಟಿಸುತ್ತಿದೆ. ಬ್ಯಾಂಕಿನ ಸೇವೆಯ ಬಗ್ಗೆ ದೂರಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಸಲ್ಲಿಸಬಹುದು.

## ಅಂತರರಾಷ್ಟ್ರೀಯ ಪ್ರಯತ್ನಗಳು

ವಿಶ್ವಬ್ಯಾಂಕು 2008ರಿಂದ ದೇಶದೇಶಗಳ ನಡುವಿನ ಹಣ ರವಾನೆಯ ವೆಚ್ಚವನ್ನು ದಾಖಲಿಸುತ್ತಿದೆ. ಶುಲ್ಕದ ಜೊತೆಗೆ ದರದ ಅಂತರವನ್ನೂ ವೆಚ್ಚವೆಂದು ಎಣಿಸುವುದು ಈ ದಾಖಲೆಯ ವಿಶೇಷ. 200 ಡಾಲರ್ ಕಳುಹಿಸುವ ಜಾಗತಿಕ ಸರಾಸರಿ ವೆಚ್ಚವು 2009ರಲ್ಲಿ ಶೇ. 10ಕ್ಕೆ ಹತ್ತಿರವಿತ್ತು, ನಂತರದ ವರ್ಷಗಳಲ್ಲಿ ಶೇ. 6ರ ಆಸುಪಾಸಿಗೆ ಇಳಿದಿದೆ. 2030ರ ವೇಳೆಗೆ ಇದನ್ನು ಶೇ. 3ಕ್ಕಿಂತ ಕಡಿಮೆ ಮಾಡಬೇಕೆಂಬುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು.

ಅಮೆರಿಕದಲ್ಲಿ 2013ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ರವಾನೆ ಸಂಸ್ಥೆಯು ದರ, ಶುಲ್ಕ ಮತ್ತು ತಲಪಲಿರುವ ಮೊತ್ತವನ್ನು ಹಣ ಪಾವತಿಸುವ ಮೊದಲೇ ಗ್ರಾಹಕರಿಗೆ ತಿಳಿಸಬೇಕು. ಸಾಮಾನ್ಯವಾಗಿ ಪಾವತಿಯ ನಂತರ 30 ನಿಮಿಷಗಳೊಳಗೆ ರವಾನೆಯನ್ನು ರದ್ದುಪಡಿಸುವ ಹಕ್ಕೂ ಗ್ರಾಹಕರಿಗಿದೆ. ಐರೋಪ್ಯ ಒಕ್ಕೂಟವು 2019ರ ನಿಯಮದ ಮೂಲಕ, ಕಾರ್ಡ್ ವ್ಯವಹಾರದ ಪರಿವರ್ತನಾ ವೆಚ್ಚವನ್ನು ಐರೋಪ್ಯ ಕೇಂದ್ರ ಬ್ಯಾಂಕಿನ ಉಲ್ಲೇಖ ದರದ ಮೇಲಿನ ಶೇಕಡಾವಾರು ರೂಪದಲ್ಲಿ ತೋರಿಸಬೇಕೆಂದು ವಿಧಿಸಿತು. ಈ ನಿಯಮಗಳು ದರ ಎಷ್ಟಿರಬೇಕೆಂದು ಹೇಳುವುದಿಲ್ಲ. ಹಣ ಕೈಬಿಡುವ ಮುನ್ನವೇ ಗ್ರಾಹಕರಿಗೆ ವೆಚ್ಚ ಕಾಣುವಂತಿರಬೇಕು ಎಂಬುದು ಅವುಗಳ ಆಶಯ.

## ಇವನ್ನೂ ನೋಡಿ

* ಭಾರತೀಯ ರಿಸರ್ವ್ ಬ್ಯಾಂಕ್
* ಭಾರತೀಯ ರೂಪಾಯಿ
* ವಿದೇಶಿ ವಿನಿಮಯ ಮಾರುಕಟ್ಟೆ
* ಸ್ವಿಫ್ಟ್
* ಏಕೀಕೃತ ಪಾವತಿ ವ್ಯವಸ್ಥೆ (ಯುಪಿಐ)